ಶನಿವಾರ ನಾಲ್ಕರಿಂದ ಆರು, ಒಳಹಳಿ ಬಂದ್

ನಮ್ಮೂರಿಗೆ ರೈಲು ಬಂದದ್ದು ಒಂದು ಶನಿವಾರ, ಸಂಜೆ ಐದು ಗಂಟೆ ಹತ್ತು ನಿಮಿಷಕ್ಕೆ. ಅದನ್ನು ಕಣ್ಣಾರೆ ಕಂಡವರು ಐವತ್ತು ಜನ. ಕಂಡೆವೆಂದು ಈಗ ಹೇಳಿಕೊಳ್ಳುವವರು ಐನೂರಕ್ಕೆ ಕಡಿಮೆಯಿಲ್ಲ. ಆ ದಿನ ನಡೆದದ್ದನ್ನು ನಡೆದ ಹಾಗೆಯೇ ಬರೆದಿಡುವುದು ಒಳ್ಳೆಯದು. ಏಕೆಂದರೆ ಕ್ಷೌರದಂಗಡಿಯವರು ಹೇಳುವ ಕಥೆಯಲ್ಲಿ ಈಗಾಗಲೇ ಹದಿನಾಲ್ಕು ಬೋಗಿಗಳಾಗಿವೆ. ಇದ್ದದ್ದು ಮೂರು.

ಅಲ್ಲಿಯವರೆಗೆ ನಮ್ಮೂರಿಗೂ ರೈಲಿಗೂ ಇದ್ದದ್ದು ಕಿವಿಯ ಸಂಬಂಧ ಮಾತ್ರ. ಹಳಿ ಹಾದು ಹೋಗುವುದು ಹತ್ತು ಮೈಲಿ ಆಚೆ. ಗಾಳಿ ಆ ದಿಕ್ಕಿನಿಂದ ಬೀಸಿದರೆ ಬೆಳಿಗ್ಗೆ ಆರೂವರೆಯ ಗಾಡಿಯ ಸೀಟಿ ಕೇಳುತ್ತದೆ. ಆಗ ಹೊಲದಲ್ಲಿದ್ದವರು ತಲೆಯೆತ್ತಿ, ಏನೂ ಕಾಣದಿದ್ದರೂ ಆ ಕಡೆಗೆ ಒಮ್ಮೆ ನೋಡಿ, ಮತ್ತೆ ಬಗ್ಗುತ್ತಾರೆ. ನಮ್ಮೂರಿಗೂ ರೈಲು ಬೇಕೆಂದು ಮೂರು ಜನ ಅಧ್ಯಕ್ಷರು ಬರೆದ ಅರ್ಜಿಗಳು ಪಂಚಾಯಿತಿಯ ಕಪಾಟಿನಲ್ಲಿ ಒಂದು ಅರೆ ಪೂರ್ತಿ ತುಂಬಿವೆ. ಆ ಅರೆಯ ಬಾಗಿಲು ತೆಗೆದರೆ ಅರ್ಜಿಗಳೆಲ್ಲ ಮೈಮೇಲೆ ಬೀಳುತ್ತವೆಂದು ಈಗಿನ ಅಧ್ಯಕ್ಷರು ಅದನ್ನು ತೆಗೆಯುವುದಿಲ್ಲ.

ಇನ್ನು ತೂಬಿನವರ ವಿಷಯ. ನಮ್ಮೂರ ಕಾಲುವೆಯ ಬಾಗಿಲುಗಳನ್ನು ಎತ್ತುವುದು, ಇಳಿಸುವುದು ಅವರ ಕೆಲಸ. ಇಪ್ಪತ್ತೆಂಟು ವರ್ಷಗಳಿಂದ ಅದನ್ನೇ ಮಾಡುತ್ತಿದ್ದಾರೆ. ಯಾವ ಬಾಗಿಲು ಇಳಿಸುವುದಕ್ಕೂ ಮೂರು ದಿನ ಮುಂಚೆ ಒಂದು ಫಾರಂ ತುಂಬಬೇಕು. ಅದರ ಹೆಸರು ‘ನಿಲುಗಡೆ ಸೂಚನೆ’. ಏನು ನಿಲ್ಲುತ್ತದೆ, ಎಲ್ಲಿ, ಯಾವಾಗ, ಏಕೆ ಎಂದು ನಾಲ್ಕು ಸಾಲು, ಕೆಳಗೆ ಸಹಿ. ಕಾರ್ಬನ್ ಕಾಗದ ಇಟ್ಟು ಮೂರು ಪ್ರತಿ. ಒಂದು ಕಡತಕ್ಕೆ, ಒಂದು ಪೇಟೆಯ ಮೂಲೆಯ ಹಲಗೆಗೆ, ಇನ್ನೊಂದು ಸಂಬಂಧಪಟ್ಟ ಕಚೇರಿಗೆ. ಯಾವುದು ಸಂಬಂಧಪಟ್ಟ ಕಚೇರಿ ಎಂದು ತೀರ್ಮಾನಿಸುವವರು ಕಾಲುವೆ ಕಚೇರಿಯ ಠಸ್ಸೆಯವರು. ಅವರು ಮೇಜಿಗೆ ಬಂದ ಕಾಗದದ ಮೊದಲ ಸಾಲು ದಾಟಿ ಓದಿದವರಲ್ಲ, ಠಸ್ಸೆ ಒತ್ತದೆ ಬಿಟ್ಟವರೂ ಅಲ್ಲ. ಒಮ್ಮೆ ಮೇಜಿನ ಮೇಲೆ ನಿದ್ದೆ ಹೋಗಿದ್ದ ಜವಾನನ ಅಂಗೈಗೂ ಒತ್ತಿ ಕಳಿಸಿದ್ದರು.

ಇಪ್ಪತ್ತೆಂಟು ವರ್ಷ ಫಾರಂ ತುಂಬಿದ ಕೈ ಮನೆಯಲ್ಲೂ ಸುಮ್ಮನಿರುವುದಿಲ್ಲ. ತಲೆಗೆ ಎಣ್ಣೆ ಹಚ್ಚುವುದನ್ನು ವೈದ್ಯರು ನಿಲ್ಲಿಸಿ ಎಂದಾಗ ತೂಬಿನವರು ಅದಕ್ಕೂ ಒಂದು ಸೂಚನೆ ತುಂಬಿ ಕನ್ನಡಿಯ ಪಕ್ಕ ಅಂಟಿಸಿದ್ದರು.

ಅವರ ಮನೆಯ ಹಿಂಭಾಗದಲ್ಲಿ ಒಂದು ಕೋಣೆ. ಹಿಂದೆ ಅಲ್ಲಿ ಹುಲ್ಲು ತುಂಬುತ್ತಿದ್ದರು. ಕಲ್ಲಿನ ಗೋಡೆ, ಒಂದೇ ಕಿಟಕಿ, ನಡು ಬೇಸಿಗೆಯಲ್ಲೂ ತಂಪು. ಮೂರು ವರ್ಷದ ಹಿಂದೆ ತೂಬಿನವರು ಹಳೆಯ ಕಾಲುವೆ ಬಾಗಿಲಿನ ಹಲಗೆಗಳನ್ನು ಜೋಡಿಸಿ ಅಲ್ಲಿ ಎಂಟಡಿ ಉದ್ದದ ಒಂದು ಮೇಜು ಮಾಡಿದರು. ಅದರ ಮೇಲೆ ಪುಟ್ಟ ರೈಲು. ಹಳಿ, ಸೇತುವೆ, ಗೋಣಿಚೀಲಕ್ಕೆ ಸುಣ್ಣದ ಗಾರೆ ಮೆತ್ತಿ ಮಾಡಿದ ಗುಡ್ಡ, ಗುಡ್ಡದೊಳಗೆ ಸುರಂಗ. ಗುಡ್ಡದ ಬುಡದಲ್ಲಿ ನೀಲಿ ಬಣ್ಣದ ಹೊಳೆ. ಗೇಣುದ್ದದ ಆ ಹೊಳೆಗೆ ಏಳು ತೂಬು. ಮುಂದೆ ಒಂದು ನಿಲ್ದಾಣ, ಅಲ್ಲಿ ಎರಡು ಹಳಿ. ಹೊರಹಳಿ ನೇರವಾಗಿ ಹೋಗುತ್ತದೆ. ಒಳಹಳಿ ಅದರಿಂದ ಕವಲೊಡೆದು, ನಿಲ್ದಾಣವನ್ನು ಬಳಸಿ, ಮುಂದೆ ಮತ್ತೆ ಹೊರಹಳಿಗೇ ಸೇರಿಕೊಳ್ಳುತ್ತದೆ.

ಗಾಡಿಗಳು ಎರಡು. ಒಂದು ಗೂಡ್ಸು, ಒಂದು ಪ್ಯಾಸೆಂಜರು. ತೊಂದರೆ ಇದ್ದದ್ದು ಅಲ್ಲಿಯೇ. ಈ ರೈಲಿಗೆ ಹಳಿಯಲ್ಲೇ ಕರೆಂಟು ಹರಿಯುತ್ತದೆ. ಹಳಿಯ ಮೇಲೆ ಯಾವ ಇಂಜಿನ್ನು ನಿಂತಿದ್ದರೂ ಅದಕ್ಕೆ ಕರೆಂಟು ಮುಟ್ಟುತ್ತದೆ, ಮುಟ್ಟಿದರೆ ಅದು ಓಡುತ್ತದೆ. ಒಂದನ್ನು ಓಡಿಸಿದರೆ ಇನ್ನೊಂದೂ ಓಡುತ್ತದೆ. ಪ್ಯಾಸೆಂಜರು ಚುರುಕು, ಗೂಡ್ಸು ಮಂದ. ಹೀಗಾಗಿ ಮೂರನೆಯ ಸುತ್ತಿನಲ್ಲಿ, ಸೇತುವೆಯ ಮೇಲೆ, ಪ್ಯಾಸೆಂಜರು ಬಂದು ಗೂಡ್ಸಿನ ಬೆನ್ನಿಗೆ ಗುದ್ದುವುದು ಸೂರ್ಯ ಹುಟ್ಟಿದಷ್ಟೇ ಖಂಡಿತ.

ಹೋದ ಸಲ ಭಾವ ಬಂದಾಗಲೂ ಗುದ್ದಿತು. ಭಾವ ಎಂದರೆ ತೂಬಿನವರ ಹೆಂಡತಿಯ ಅಣ್ಣ. ನಿಜವಾದ ರೈಲ್ವೆಯಲ್ಲಿ ಸಿಗ್ನಲ್ ಕ್ಯಾಬಿನ್ನಿನಲ್ಲಿದ್ದು ನಿವೃತ್ತರಾದವರು. ಕುರ್ಚಿಯ ಮೇಲೆ ನೆಟ್ಟಗೆ ಕೂತು, ನಾಲ್ಕು ಸಲ ಗುದ್ದುವವರೆಗೆ ನೋಡಿ, ಆಮೇಲೆ ಹೇಳಿದರು:

“ನಾನು ಮೂವತ್ನಾಲ್ಕು ವರ್ಷ ಕ್ಯಾಬಿನ್ನಲ್ಲಿ ಕೂತಿದ್ದೆ. ಎರಡು ಗಾಡಿ ಒಂದಕ್ಕೊಂದು ಮುಟ್ಟೋಕೆ ಬಿಟ್ಟವನಲ್ಲ. ನೀನು ಅರ್ಧ ಗಂಟೇಲಿ ನಾಲ್ಕು ಸಲ ಮುಟ್ಟಿಸಿದೆ. ಇದು ರೈಲ್ವೆ ಅಲ್ಲಪ್ಪ, ಕೋಳಿ ಜಗಳ.”

“ಅಣ್ಣ, ಅದನ್ನ ಬಿಡು, ಕೋಣೆ ನೋಡು,” ಎಂದರು ತಂಗಿ. “ತಂಪು, ಕತ್ತಲು. ಅಣಬೆ ಬೆಳೆಯೋಕೆ ಹೇಳಿ ಮಾಡಿಸಿದ ಹಾಗಿದೆ. ತರಬೇತಿಗೆ ಹೋಗಿ ಬಂದು ಒಂದು ವರ್ಷ ಆಯ್ತು. ಬೀಜದ ಚೀಲ ತೂಗುಹಾಕೋಕೆ ನನಗೆ ಜಾಗ ಇಲ್ಲ, ಇವರ ಗೂಡ್ಸಿಗೆ ಇದೆ.”

ತೂಬಿನವರ ಮುಖ ಕೆಂಪಾಯಿತು. “ಭಾವ, ಬರೋ ಶನಿವಾರ ನಾಲ್ಕು ಗಂಟೆಗೆ ಬನ್ನಿ, ಆರರವರೆಗೆ ಕೂತು ನೋಡಿ. ಪ್ಯಾಸೆಂಜರು ಓಡ್ತಾ ಇರುತ್ತೆ, ಗೂಡ್ಸು ಒಳಹಳೀಲಿ ಕಲ್ಲಿನ ಹಾಗೆ ನಿಂತಿರುತ್ತೆ. ನಿಲ್ಲದಿದ್ರೆ...”

“ನಿಲ್ಲದಿದ್ರೆ?” ಹೆಂಡತಿ ಕೇಳಿದರು.

“ನಿಲ್ಲದಿದ್ರೆ ಈ ಕೋಣೆ ನಿಂದು.”

“ಅಣ್ಣ, ಕೇಳಿಸಿಕೊಂಡೆಯಲ್ಲ. ನೀನೇ ಸಾಕ್ಷಿ.”

ಹೇಳಿದ ಮೇಲೆ ದಾರಿ ಹುಡುಕಬೇಕಲ್ಲ. ತೂಬಿನವರು ಒಂದು ಪುಸ್ತಕ ತರಿಸಿ ಓದಿದರು. ಒಳಹಳಿಯ ಎರಡು ಕಂಬಿಗಳಲ್ಲಿ ಒಂದನ್ನು ಕೂದಲೆಳೆಯಷ್ಟು ಕತ್ತರಿಸಬೇಕು. ಆ ಸಂದಿಗೆ ಪ್ಲಾಸ್ಟಿಕ್ಕಿನ ಚೂರು ತುರುಕಬೇಕು. ಕರೆಂಟು ಸಂದಿ ದಾಟದು. ದಾಟಬೇಕೆಂದಾಗ ಮಾತ್ರ ದಾಟುವಂತೆ ತಂತಿ ಎಳೆದು ಒಂದು ಸ್ವಿಚ್ಚು ಹಾಕಬೇಕು. ಇಷ್ಟು ಓದಿದ್ದೇ ತಡ, ಅವರು ತೊಡೆ ತಟ್ಟಿ ನಕ್ಕರು. ಇದು ತೂಬು! ಸ್ವಿಚ್ಚು ಬಾಗಿಲು, ಕರೆಂಟು ನೀರು. ಇದನ್ನು ಅವರಿಗೆ ಇನ್ನೊಬ್ಬರು ಹೇಳಿಕೊಡಬೇಕೇ? ಹಳಿಯನ್ನು ಎರಡೂ ತುದಿಯಲ್ಲಿ ಕತ್ತರಿಸಿ ಎಂದು ಮುಂದಿನ ಸಾಲಿನಲ್ಲಿತ್ತು. ಪಾಪ, ಪುಸ್ತಕ ಬರೆದವನಿಗೆ ಕಾಲುವೆ ಗೊತ್ತಿಲ್ಲ. ನೀರು ಬರುವ ಕಡೆ ಬಾಗಿಲು ಹಾಕಿದರೆ ಕೆಳಗೆಲ್ಲ ಒಣಗುತ್ತದೆ. ಎರಡನೆಯ ಬಾಗಿಲು ದಂಡ ಎಂದುಕೊಂಡು ಅವರು ಆ ಸಾಲನ್ನು ದಾಟಿದರು.

ಬುಧವಾರ ಬೆಳಿಗ್ಗೆ ಕಂಬಿ ಕತ್ತರಿಸಲು ಗರಗಸ ಕೈಗೆತ್ತಿಕೊಂಡರು. ಕೈ ಮುಂದಕ್ಕೆ ಹೋಗಲಿಲ್ಲ. ಸೂಚನೆಯಿಲ್ಲದೆ ಬಾಗಿಲು ಇಳಿಸುವುದೆಂದರೇನು? ಗರಗಸ ಕೆಳಗಿಟ್ಟು ಒಂದು ಫಾರಂ ತೆಗೆದರು. ‘ನೀರು’ ಎಂದು ಅಚ್ಚಾಗಿದ್ದನ್ನು ಹೊಡೆದುಹಾಕಿ, ಎಂದಿನಂತೆ ಕಾರ್ಬನ್ ಇಟ್ಟು ಹೀಗೆ ಬರೆದರು:

ಏನು ನಿಲ್ಲುತ್ತದೆ: ಕರೆಂಟು.
ಎಲ್ಲಿ: ರೈಲು ನಿಲ್ದಾಣದ ಒಳಹಳಿ.
ಯಾವಾಗ: ಶನಿವಾರ ಸಂಜೆ ನಾಲ್ಕರಿಂದ ಆರು.
ಏಕೆ: ಗೂಡ್ಸು ಮತ್ತು ಪ್ಯಾಸೆಂಜರು ಗುದ್ದದ ಹಾಗೆ ನೋಡಿಕೊಳ್ಳಲು.

ಸಹಿ ಮಾಡಿದ ಮೇಲೆ ಕಂಬಿ ಬೆಣ್ಣೆಯ ಹಾಗೆ ತುಂಡಾಯಿತು. ಹಳೆಯ ಹಲ್ಲುಜ್ಜುವ ಬ್ರಷ್ಷಿನ ಚೂರು ತೆಗೆದು ಸಂದಿಗೆ ತುರುಕಿದರು. ಹೊತ್ತಾಯಿತೆಂದು ಮೇಜಿನ ಮೇಲಿದ್ದ ಕಾಗದಗಳನ್ನೆಲ್ಲ ಬಾಚಿ ಚೀಲಕ್ಕೆ ಹಾಕಿಕೊಂಡು ಕಚೇರಿಗೆ ಹೋದರು. ಮೂರನೆಯ ತೂಬಿಗೆ ಗ್ರೀಸ್ ಹಚ್ಚುವ ಸೂಚನೆಯ ಜೊತೆಗೆ ಇದೂ ಠಸ್ಸೆಯವರ ಮೇಜಿಗೆ ಬಿತ್ತು. ಠಸ್ಸೆಯವರು ಧಪ್ ಧಪ್ ಧಪ್ ಎಂದು ಮೂರು ಪ್ರತಿಗೂ ಒತ್ತಿದರು. ತೂಬಿನವರು ಮೂರು ದಿನ ರಜೆ ಹಾಕಿ ಮನೆಗೆ ಹೋದರು.

ಗುರುವಾರ ಬೆಳಿಗ್ಗೆ ಪೇಟೆಯ ಮೂಲೆಯಲ್ಲಿ ಹಲಗೆಯ ಮುಂದೆ ಮೊದಲು ನಿಂತವರು ಗಿರಣಿಯವರು. ಅವರ ಹಿಟ್ಟಿನ ಗಿರಣಿ ಓಡುವುದು ಕರೆಂಟಿನಿಂದ. ಹೀಗಾಗಿ ‘ನಿಲುಗಡೆ’ ಎಂಬ ಮಾತು ಕಂಡಲ್ಲಿ ಅವರ ಕಾಲು ತಾನಾಗಿ ನಿಲ್ಲುತ್ತದೆ. ಓದಿದರು. ಕನ್ನಡಕ ಒರೆಸಿ ಮತ್ತೆ ಓದಿದರು. ಎದುರಿನ ಕ್ಷೌರದಂಗಡಿಗೆ ಕೂಗಿದರು:

“ಏನ್ರೀ ಇದು? ರೈಲು ನಿಲ್ದಾಣ ಅಂತಿದೆ! ನಮ್ಮೂರಲ್ಲಿ ಎಲ್ಲಿದೆ ನಿಲ್ದಾಣ?”

ಕ್ಷೌರದಂಗಡಿಯವರು ಒಂದು ಕೆನ್ನೆ ಮಾತ್ರ ಬೋಳಿಸಿದ ಗಿರಾಕಿಯನ್ನು ಹಾಗೇ ಬಿಟ್ಟು ಓಡಿ ಬಂದರು. ಗಿರಾಕಿಯೂ ನೊರೆ ಸಮೇತ ಬಂದ.

“ಇಲ್ಲ ಅಂದ್ರೆ ಬರ್ತಾ ಇದೆ ಅಂತ,” ಎಂದರು ಕ್ಷೌರದಂಗಡಿಯವರು. “ಒಳಹಳಿ ಅಂತ ಬರೆದಿದಾರೆ ನೋಡಿ. ಒಳಹಳಿ ಇದೆ ಅಂದ್ಮೇಲೆ ಹೊರಹಳಿ ಇರಲೇಬೇಕು. ಎರಡು ಹಳಿ! ಪಕ್ಕದ ಊರಿಗೂ ಇರೋದು ಒಂದೇ!”

“ಗೂಡ್ಸೂ ಅಂತೆ, ಪ್ಯಾಸೆಂಜರೂ ಅಂತೆ.”

“ಗುದ್ದುತ್ತೆ ಅಂತ ಈಗ್ಲೇ ಭಯ ಬಿದ್ದಿದಾರೆ ಅಂದ್ರೆ ಎಷ್ಟು ಗಾಡಿ ಬಿಡ್ತಾರೋ ಲೆಕ್ಕ ಹಾಕಿ!”

ಹತ್ತು ಗಂಟೆಯ ಹೊತ್ತಿಗೆ ಸುದ್ದಿ ಅಧ್ಯಕ್ಷರನ್ನು ಮುಟ್ಟಿತು. ತಮ್ಮ ಊರಿಗೆ ರೈಲು ಬರುವುದು ತಮಗೇ ಗೊತ್ತಿಲ್ಲ ಎಂದು ಯಾವ ಅಧ್ಯಕ್ಷರು ತಾನೇ ಹೇಳಿಯಾರು? ಅವರು ನಿಧಾನವಾಗಿ ತಲೆದೂಗಿ, “ನಾನು ಹೇಳೋ ಹಾಗಿರಲಿಲ್ಲ. ಮೇಲಿನ ಮಟ್ಟದಲ್ಲಿ ನಡೀತಾ ಇತ್ತು,” ಎಂದರು. ಜನ ಹೋದ ಮೇಲೆ ಬೆವರು ಒರೆಸಿಕೊಂಡು ಕರೆಂಟ್ ಆಫೀಸಿನ ಸಾಹೇಬರಿಗೆ ಫೋನು ಮಾಡಿದರು.

ಸಾಹೇಬರ ಮುಂದೆ ಮೂರನೆಯ ಪ್ರತಿ ಠಸ್ಸೆ ಸಮೇತ ಬಿದ್ದಿತ್ತು. ಅವರೂ ಬೆಳಗಿನಿಂದ ಅದನ್ನೇ ತಿರುಗಿಸಿ ಮುರುಗಿಸಿ ನೋಡುತ್ತಿದ್ದರು. ಆದರೆ ಅವರೂ ಸಾಹೇಬರು.

“ಸೂಚನೆ ಬಂದಿದೆಯಾ ಸಾಹೇಬ್ರೆ?”

“ಬಂದಿದೆ, ಬಂದಿದೆ. ನಾವೆಲ್ಲ ತಯಾರಾಗಿದೀವಿ.”

“ನಿಲ್ದಾಣಕ್ಕೆ ಕರೆಂಟು ಯಾವ ಲೈನಿಂದ?”

ಸಾಹೇಬರು ಕಾಗದವನ್ನು ಇನ್ನೊಮ್ಮೆ ತಿರುಗಿಸಿದರು. “ಅದು... ತಾಂತ್ರಿಕ ವಿಷಯ. ಯಾವ ಲೈನು ಅಂತ ನೋಡ್ತಾ ಕೂರೋದಕ್ಕಿಂತ ಇಡೀ ಊರಿಂದೇ ನಿಲ್ಲಿಸಿಬಿಡ್ತೀವಿ. ಜೀವದ ಪ್ರಶ್ನೆ ನೋಡಿ.”

ಇಬ್ಬರಿಗೂ ಸಮಾಧಾನವಾಯಿತು. ಅಧ್ಯಕ್ಷರು, ಸಾಹೇಬರಿಗೆ ಎಲ್ಲ ಗೊತ್ತಿದೆ ಎಂದುಕೊಂಡರು. ಸಾಹೇಬರು, ಅಧ್ಯಕ್ಷರಿಗೆ ಎಲ್ಲ ಗೊತ್ತಿದೆ ಎಂದುಕೊಂಡರು. ನಮ್ಮ ಕಡೆಯ ಆಡಳಿತ ಇಷ್ಟು ಸಲೀಸಾಗಿ ನಡೆದದ್ದು ಅದೇ ಮೊದಲು.

ಶುಕ್ರವಾರ ತೂಬಿನವರು ಕ್ಷೌರಕ್ಕೆ ಬಂದರು. ಭಾವನ ಮುಂದೆ ಗಡ್ಡ ಬಿಟ್ಟುಕೊಂಡು ನಿಲ್ಲಬಾರದೆಂದು ಬಂದದ್ದು. ಎರಡು ದಿನ ಕೋಣೆ ಬಿಟ್ಟು ಹೊರಬಂದಿರಲಿಲ್ಲ; ತಲೆಯಲ್ಲಿ ತಂತಿಯ ಹೊರತು ಬೇರೇನೂ ಇರಲಿಲ್ಲ. ಸೂಚನೆಗೆ ಸಹಿ ಮಾಡಿದವರೇ ಬಂದು ಕುರ್ಚಿಯ ಮೇಲೆ ಕುಳಿತದ್ದನ್ನು ಕಂಡು ಕ್ಷೌರದಂಗಡಿಯವರು ಒಗೆದ ಬಟ್ಟೆಯನ್ನೇ ತೆಗೆದು ಹೊದಿಸಿದರು.

“ಶನಿವಾರ ಖಂಡಿತಾನಾ ಯಜಮಾನ್ರೆ?”

“ಖಂಡಿತ,” ಎಂದರು ತೂಬಿನವರು. ಹೆಂಡತಿ ಬಾಯಿ ಬಿಟ್ಟು ಪೇಟೆಗೆಲ್ಲ ಪಂಥದ ವಿಷಯ ಹರಡಿದ್ದಾಳೆ ಎಂದುಕೊಂಡರು. “ನಾಲ್ಕಕ್ಕೆ ಸರಿಯಾಗಿ.”

“ಎರಡೂ ಗಾಡೀನಾ?”

“ಎರಡೂ. ಗೂಡ್ಸು ನಿಂತಿರುತ್ತೆ, ಪ್ಯಾಸೆಂಜರು ಓಡುತ್ತೆ.”

“ನಿಲ್ದಾಣ ಎಲ್ಲಿ ಅಂತ ಹೇಳಬಹುದಾ? ನಾನು ಯಾರಿಗೂ ಹೇಳಲ್ಲ.”

“ಹೇಳೋದೇನು, ನಮ್ಮನೇಲೇ. ಹಿಂದಿನ ಕೋಣೇಲಿ.”

ಕ್ಷೌರದಂಗಡಿಯವರು ಕತ್ತಿ ಕೆಳಗಿಟ್ಟರು. “ನಿಮ್ಮನೇಲಾ! ಮನೆ ಹೋದ್ರೂ ಪರವಾಗಿಲ್ವಾ?”

“ಮನೆ ಯಾಕೆ ಹೋಗುತ್ತೆ? ಹೋದ್ರೆ ಕೋಣೆ ಹೋಗುತ್ತೆ, ಅಷ್ಟೆ. ಹೆಂಡತಿ ಒಪ್ತಾ ಇಲ್ಲ. ಅಲ್ಲಿ ಅಣಬೆ ಬೆಳೀಬೇಕಂತೆ. ರೈಲು ಮುಖ್ಯಾನಾ, ಅಣಬೆ ಮುಖ್ಯಾನಾ, ನೀವೇ ಹೇಳಿ!”

ಕ್ಷೌರದಂಗಡಿಯವರ ಕಣ್ಣು ಒದ್ದೆಯಾಯಿತು. ಇಂಥ ತ್ಯಾಗಿ ಇಪ್ಪತ್ತೆಂಟು ವರ್ಷ ತಮ್ಮ ಕೈಯಲ್ಲೇ ಕ್ಷೌರ ಮಾಡಿಸಿಕೊಳ್ಳುತ್ತಿದ್ದರೂ ಗುರುತು ಹಿಡಿಯಲಿಲ್ಲವಲ್ಲ! ಆ ದಿನ ಅವರು ತೂಬಿನವರ ಕತ್ತಿನ ಹಿಂದೆಯೂ ಪೌಡರು ಹಾಕಿದರು.

ಅಲ್ಲಿಗೆ ಊರಿಗೆ ವಿಷಯ ಸ್ಪಷ್ಟವಾಯಿತು. ರೈಲು ಬರುತ್ತಿದೆ, ನಿಲ್ದಾಣಕ್ಕೆ ತೂಬಿನವರು ಸ್ವಂತ ಮನೆ ಕೊಡುತ್ತಿದ್ದಾರೆ, ಅಡ್ಡ ನಿಂತಿರುವುದು ಅವರ ಹೆಂಡತಿ ಮತ್ತು ಅಣಬೆ.

ಮಧ್ಯಾಹ್ನ ಪಕ್ಕದ ಮನೆಯ ಅಜ್ಜಿ ಕೋಲೂರಿಕೊಂಡು ಬಂದರು. “ಬಿಟ್ಕೊಡೇ ತಾಯಿ,” ಎಂದರು. “ನನ್ನ ಕಾಲದಲ್ಲಂತೂ ಆಗ್ಲಿಲ್ಲ. ಕಣ್ಣು ಮುಚ್ಚೋ ಮುಂಚೆ ಒಂದ್ಸಲ ಕೂತ್ಕೋಬೇಕು ಅಂತ ಆಸೆ.”

“ಎಲ್ಲಿ ಕೂತ್ಕೋತೀರಿ ಅಜ್ಜಿ?”

“ಕಿಟಕಿ ಪಕ್ಕ.”

ತೂಬಿನವರ ಹೆಂಡತಿ ಅಜ್ಜಿಯನ್ನು ಒಮ್ಮೆ ನೋಡಿದರು. ಬೋಗಿಯ ಉದ್ದ ಒಂದು ಗೇಣು. ವಯಸ್ಸಾದವರೊಡನೆ ವಾದ ಬೇಡವೆಂದು ಸುಮ್ಮನಾದರು. ಸಂಜೆ ಗಿರಣಿಯವರ ಮನೆಯವರು ಬಂದು, ಅಣಬೆಗೆ ತಮ್ಮ ಕೊಟ್ಟಿಗೆ ಕೊಡುತ್ತೇವೆ ಎಂದರು. ದೀಪ ಹಚ್ಚುವ ಹೊತ್ತಿಗೆ ಅಧ್ಯಕ್ಷರೇ ಬಂದರು. ಕೈ ಮುಗಿದು ನಿಂತರು.

“ಅಮ್ಮಾ, ಮುಂದಿನ ಪೀಳಿಗೆಯನ್ನ ನೆನೆಸಿಕೊಳ್ಳಿ.”

“ಅಧ್ಯಕ್ಷರೇ, ಮುಂದಿನ ಪೀಳಿಗೆ ಆಡಿಕೊಂಡಿದ್ರೆ ನನಗೇನೂ ಬೇಜಾರಿರಲಿಲ್ಲ. ಇವರಿಗೆ ಐವತ್ತೈದು ವರ್ಷ!”

“ವಯಸ್ಸು ನೋಡಬೇಡಿ, ಸೇವೆ ನೋಡಿ. ಇವರಿಂದ ಇಡೀ ಊರಿಗೆ ಹೆಸರು.”

“ಆ ಗೂಡ್ಸಿಂದಾನಾ?”

“ಗೂಡ್ಸೂ ಮುಖ್ಯವೇ ಅಮ್ಮಾ. ಈರುಳ್ಳಿ ಮೂಟೆ ಕಳಿಸಬಹುದು.”

ಅವರು ಹೋದ ಮೇಲೆ ಹೆಂಡತಿ ಕೋಣೆಯ ಬಾಗಿಲು ತಳ್ಳಿದರು. ತೂಬಿನವರು ಮೇಜಿನ ಅಡಿಯಲ್ಲಿ ಮಲಗಿ ತಂತಿ ಸುತ್ತುತ್ತಿದ್ದರು.

“ಒಂದು ಕೋಣೆಗೋಸ್ಕರ ಅಧ್ಯಕ್ಷರ ಹತ್ರ ಶಿಫಾರಸು ಮಾಡಿಸ್ತೀರಾ? ಈಗ ಕೇಳಿ. ನಾಳೆ ನಿಮ್ಮ ಗೂಡ್ಸು ಒಂದು ಅಂಗುಲ ಅಲ್ಲಾಡಿದ್ರೂ ಬಿಡಲ್ಲ ನಾನು. ಚೀಲಕ್ಕೆ ತುಂಬೋ ಹುಲ್ಲು ನೆನೆಹಾಕಿ ಆಯ್ತು.”

“ನಾನು ಯಾರಿಗೂ ಹೇಳಿಲ್ಲ ಮಾರಾಯ್ತಿ!” ಎಂದು ಏಳಹೋಗಿ ತೂಬಿನವರು ಹಲಗೆಗೆ ತಲೆ ಬಡಿದುಕೊಂಡರು. ಮೇಲೆ ನಿಲ್ದಾಣದ ಮಾಸ್ತರರ ಬೊಂಬೆ ಬಿದ್ದುಹೋಯಿತು.

ಶನಿವಾರ ಮೂರೂ ಮುಕ್ಕಾಲಿಗೆ ಭಾವ ಬಂದರು. ಹಳೆಯ ಕಪ್ಪು ಕೋಟು, ಕಂಕುಳಲ್ಲಿ ಒಂದು ಕೆಂಪು, ಒಂದು ಹಸಿರು ಬಾವುಟ. “ಆರೂ ಕಾಲಿಗೆ ನನ್ನ ಬಸ್ಸು,” ಎಂದು ಕುರ್ಚಿಯ ಮೇಲೆ ಕೂತು ಗಡಿಯಾರ ಎದುರಿಗೆ ಇಟ್ಟುಕೊಂಡರು. ತೂಬಿನವರು ಕೊನೆಯ ತಂತಿ ಬಿಗಿದು, ಬೆವರು ಒರೆಸಿ, ಗೂಡ್ಸನ್ನು ಒಳಹಳಿಯಲ್ಲೂ ಪ್ಯಾಸೆಂಜರನ್ನು ಹೊರಹಳಿಯಲ್ಲೂ ನಿಲ್ಲಿಸಿದರು. ಸರಿಯಾಗಿ ನಾಲ್ಕು ಗಂಟೆಗೆ ಗುಂಡಿ ಒತ್ತಿದರು.

ಏನೂ ಆಗಲಿಲ್ಲ.

“ಎರಡೂ ನಿಂತಿವೆ,” ಎಂದರು ಭಾವ. “ನಿಲ್ಲಿಸೋದರಲ್ಲಿ ನೀನು ಅರ್ಧ ಗೆದ್ದೆ.”

ತೂಬಿನವರು ದೀಪದ ಸ್ವಿಚ್ಚು ಹಾಕಿದರು. ದೀಪವೂ ಇಲ್ಲ. ಆಗ ಅಂಗಳದಿಂದ ದೊಡ್ಡ ಗದ್ದಲ ಕೇಳಿಸಿತು. ಹೊರಗೆ ಇಣುಕಿದರೆ ಐವತ್ತು ಜನ. ಮುಂದೆ ಅಧ್ಯಕ್ಷರು, ಅವರ ಕೈಯಲ್ಲಿ ಕೆಂಪು ರಿಬ್ಬನ್ನಿನ ಸುರುಳಿ, ಕ್ಷೌರದಂಗಡಿಯಿಂದ ತಂದ ಕತ್ತರಿ. ಪಕ್ಕದಲ್ಲಿ ಕರೆಂಟ್ ಸಾಹೇಬರು. ಹಿಂದೆ ಅಜ್ಜಿ, ಬಟ್ಟೆ ಗಂಟು ಕಟ್ಟಿಕೊಂಡು ಪ್ರಯಾಣಕ್ಕೇ ಬಂದಿದ್ದರು.

“ನಿಮ್ಮ ಸೂಚನೆ ಪ್ರಕಾರ ನಾಲ್ಕಕ್ಕೆ ಸರಿಯಾಗಿ ಇಡೀ ಊರಿನ ಕರೆಂಟು ತೆಗೆದಿದೀನಿ,” ಎಂದರು ಸಾಹೇಬರು. “ಒಂದು ನಿಮಿಷ ಆಚೀಚೆ ಆಗಿಲ್ಲ.”

“ನನ್ನ ಸೂಚನೆ?”

ಸಾಹೇಬರು ಕಾಗದ ತೋರಿಸಿದರು. ತಮ್ಮದೇ ಅಕ್ಷರ, ತಮ್ಮದೇ ಸಹಿ, ಮೇಲೆ ನೇರಳೆ ಬಣ್ಣದ ಠಸ್ಸೆ. ತೂಬಿನವರಿಗೆ ಎಲ್ಲವೂ ಒಟ್ಟಿಗೆ ಅರ್ಥವಾಯಿತು: ಕತ್ತಿನ ಹಿಂದಿನ ಪೌಡರೂ ಸೇರಿ. ಅವರು ಬಾಗಿಲಿನಿಂದ ಪಕ್ಕಕ್ಕೆ ಸರಿದು, ಒಳಗೆ ಕೈ ತೋರಿಸಿದರು.

ಮೊದಲು ಗಿರಣಿಯವರು ತಲೆ ಹಾಕಿ ನೋಡಿದರು. ಆಮೇಲೆ ಅಧ್ಯಕ್ಷರು. ಆಮೇಲೆ ಒಬ್ಬರ ಹೆಗಲ ಮೇಲಿಂದ ಒಬ್ಬರು.

“ಇಷ್ಟೇನಾ?” ಎಂದರು ಗಿರಣಿಯವರು.

“ಎರಡು ಹಳಿ ಇರೋದು ನಿಜ,” ಎಂದು ಕ್ಷೌರದಂಗಡಿಯವರು ಸಣ್ಣ ದನಿಯಲ್ಲಿ ಹೇಳಿದರು. ತಮ್ಮ ಮಾತಿನಲ್ಲಿ ಅಷ್ಟಾದರೂ ಉಳಿಯಿತಲ್ಲ ಎಂದು.

ಅಧ್ಯಕ್ಷರ ಮುಖ ಹುಳ್ಳಗಾಯಿತು. ಕತ್ತರಿಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಸಾಹೇಬರ ಕಡೆ ನೋಡಿದರು: “ನಿಮಗೆ ಎಲ್ಲ ಗೊತ್ತು ಅಂದ್ರಿ?” ಸಾಹೇಬರು ಅಧ್ಯಕ್ಷರ ಕಡೆ ನೋಡಿದರು: “ನಿಮಗೆ ಗೊತ್ತು ಅಂತ ನಾನಂದುಕೊಂಡೆ.”

ಭಾವ ಕುರ್ಚಿಯಿಂದ ಎದ್ದರು. “ಎಲ್ಲರೂ ಪ್ಲಾಟ್‌ಫಾರಂ ಬಿಟ್ಟು ಒಂದು ಹೆಜ್ಜೆ ಹಿಂದೆ!” ಎಂದು ಮೂವತ್ನಾಲ್ಕು ವರ್ಷದ ಗಂಟಲಲ್ಲಿ ಗುಡುಗಿದರು. ಐವತ್ತು ಜನರೂ ಒಂದು ಹೆಜ್ಜೆ ಹಿಂದೆ ಹೋದರು. “ನಿಲ್ದಾಣ ಚಿಕ್ಕದಿರಬಹುದು. ನಿಯಮ ಚಿಕ್ಕದಲ್ಲ. ಸಾಹೇಬ್ರೆ, ಕರೆಂಟು ಕೊಡಿ.”

“ಆಗಲ್ಲ. ಆರರವರೆಗೆ ಅಂತ ಬರೆದಿದೆ. ಬೇಗ ಕೊಡಬೇಕಂದ್ರೆ ಇನ್ನೊಂದು ಫಾರಂ ತುಂಬಿ. ಮೂರು ದಿನ ಮುಂಚೆ.”

“ಆರೂ ಕಾಲಿಗೆ ನನ್ನ ಬಸ್ಸು,” ಎಂದರು ಭಾವ. “ಪಂಥ ನಾಲ್ಕರಿಂದ ಆರರವರೆಗೆ.”

ಹೆಂಡತಿ ಬಾಗಿಲ ಪಕ್ಕ ಒರಗಿ, ಅಣಬೆ ಚೀಲ ಎಲ್ಲೆಲ್ಲಿ ತೂಗುಹಾಕಬಹುದೆಂದು ತೊಲೆಗಳನ್ನು ಎಣಿಸತೊಡಗಿದರು.

ಆಗ ಗಿರಣಿಯವರಿಗೆ ರೇಗಿತು. “ನಾನು ಎರಡು ಗಂಟೆ ಗಿರಣಿ ನಿಲ್ಲಿಸಿ ಬಂದಿದೀನಿ. ಏನಾದ್ರೊಂದು ಓಡೋದು ನೋಡದೆ ನಾನಂತೂ ಹೋಗಲ್ಲ. ಇದಕ್ಕೆ ಎಷ್ಟು ಕರೆಂಟು ಬೇಕು?”

“ಹನ್ನೆರಡು ವೋಲ್ಟು,” ಎಂದರು ತೂಬಿನವರು.

“ನನ್ನ ಟ್ರ್ಯಾಕ್ಟರಿಂದೂ ಹನ್ನೆರಡೇ!”

ಹತ್ತು ನಿಮಿಷದಲ್ಲಿ ಟ್ರ್ಯಾಕ್ಟರಿನ ಬ್ಯಾಟರಿ ಇಬ್ಬರ ಕೈಯಲ್ಲಿ ತೂಗಿಕೊಂಡು ಬಂತು. ವೇಗ ಹೆಚ್ಚಾಗದಿರಲೆಂದು ಗಿರಣಿಯವರೇ ಇಂಡಿಕೇಟರಿನ ಪುಟ್ಟ ಬಲ್ಬೊಂದನ್ನು ನಡುವೆ ಸೇರಿಸಿದರು. ತೂಬಿನವರು ತಂತಿ ಮುಟ್ಟಿಸಿದರು. ಪ್ಯಾಸೆಂಜರು ಜುಯ್ ಎಂದು ಹೊರಟಿತು, ಹಿಂದಕ್ಕೆ.

“ಅಯ್ಯೋ, ವಾಪಸ್ ಹೋಗ್ತಿದೆ!” ಎಂದು ಕ್ಷೌರದಂಗಡಿಯವರು ಕೂಗಿದರು. “ನಮ್ಮೂರು ನೋಡಿ ವಾಪಸ್ ಹೋಗ್ತಿದೆ!”

ತಂತಿ ಅದಲು ಬದಲು ಮಾಡಿದರು. ಈಗ ಪ್ಯಾಸೆಂಜರು ಮುಂದಕ್ಕೆ ಓಡಿತು. ಸೇತುವೆ ದಾಟಿ, ಗುಡ್ಡದೊಳಗೆ ಹೊಕ್ಕು, ಆಚೆ ತಲೆ ಹಾಕಿತು. ಜನ ಹೋ ಎಂದರು. ಅಧ್ಯಕ್ಷರೂ ಹೋ ಎಂದು, ಆಮೇಲೆ ಅಧ್ಯಕ್ಷರಾದದ್ದು ನೆನಪಾಗಿ ಕೆಮ್ಮಿದರು. ಆದರೆ ತೂಬಿನವರ ಕಣ್ಣು ಪ್ಯಾಸೆಂಜರಿನ ಮೇಲಿರಲಿಲ್ಲ. ಒಳಹಳಿಯ ಸ್ವಿಚ್ಚು ಆರಿಸಿಯೇ ಇತ್ತು. ಆದರೂ ಗೂಡ್ಸು ಮೆಲ್ಲಗೆ ಮೈ ಮುರಿದು, ತೆವಳಿ, ಒಳಹಳಿ ಬಿಟ್ಟು ಹೊರಹಳಿಗೆ ಬರುತ್ತಿತ್ತು. ತೂಬಿನವರು ಸ್ವಿಚ್ಚು ಹಾಕಿದರು, ಆರಿಸಿದರು, ಹಾಕಿದರು, ಆರಿಸಿದರು. ಗೂಡ್ಸಿಗೆ ಅದರ ಪರಿವೆಯೇ ಇರಲಿಲ್ಲ. ಮೂರನೆಯ ಸುತ್ತು, ಸೇತುವೆಯ ಮೇಲೆ, ಡಬ್!

“ಕೋಳಿ ಜಗಳ,” ಎಂದರು ಭಾವ. ಕೆಂಪು ಬಾವುಟ ಎತ್ತಿದರು.

“ಅಣ್ಣ, ನೋಡಿದೆಯಲ್ಲ,” ಎಂದರು ಹೆಂಡತಿ. ಕೋಣೆ ಅವರದಾಯಿತು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಹೆಂಡತಿ ಹತ್ತಿರ ಬಂದು ಮೇಜಿನ ಮೇಲೆ ಬಗ್ಗಿದರು. ಕತ್ತರಿಸಿದ ಸಂದಿ ನೋಡಿದರು. ಒಳಹಳಿಯ ಇನ್ನೊಂದು ತುದಿ ನೋಡಿದರು. ಗಂಡನ ಮುಖ ನೋಡಿದರು.

“ಇಪ್ಪತ್ತೆಂಟು ವರ್ಷ ತೂಬು ಕಾದ್ರಲ್ಲ, ಇಷ್ಟು ಗೊತ್ತಾಗ್ಲಿಲ್ವಾ ನಿಮಗೆ? ಈ ಕಡೆ ಒಂದು ಬಾಗಿಲು ಹಾಕಿದೀರಿ. ಆ ಕಡೇನೂ ಇದು ಹೊರಹಳಿಗೇ ಸೇರಿದೆಯಲ್ಲ! ಅಲ್ಲಿಂದ ಹಿಮ್ಮುಖ ನುಗ್ಗುತ್ತೆ. ನಮ್ಮ ಹಿತ್ತಿಲ ಸುತ್ತುಕಾಲುವೆ ಎರಡೂ ಕಡೆ ಕಟ್ಟದೆ ಯಾವತ್ತಾದ್ರೂ ಒಣಗಿದೆಯಾ?”

ತೂಬಿನವರು ಆ ತುದಿಗೆ ಬಗ್ಗಿ ನೋಡಿದರು. ಅವರ ಕಾಲುವೆಯ ನೀರು ಮೇಲಿನಿಂದ ಬಂದು ಕೆಳಕ್ಕೆ ಹೋಗುತ್ತದೆ. ತಿರುಗಿ ಬಂದದ್ದನ್ನು ಅವರು ಕಂಡವರಲ್ಲ. ಹಿತ್ತಿಲಿನ ನೀರು ನೋಡಿಕೊಳ್ಳುವುದು ಹೆಂಡತಿ.

“ಪುಸ್ತಕದಲ್ಲೂ ಹಾಗೇ ಇತ್ತು,” ಎಂದರು ತೂಬಿನವರು ಮೆತ್ತಗೆ.

“ತಂಗೀ, ಯೋಚನೆ ಮಾಡು,” ಎಂದರು ಭಾವ. “ಈಗ ಹೇಳಿಕೊಟ್ರೆ ನಿನ್ನ ಕೋಣೆ ಹೋಗುತ್ತೆ. ಇನ್ನೂ ಆರು ಆಗಿಲ್ಲ.”

“ಹೋದ್ರೆ ಹೋಗ್ಲಿ. ತಪ್ಪಾಗಿ ಕಟ್ಟಿದ ಕಾಲುವೆ ಕಣ್ಣೆದುರಿಗಿದ್ರೆ ನನಗೆ ಅನ್ನ ಇಳಿಯಲ್ಲ. ಗರಗಸ ಕೊಡಿ ಇಲ್ಲಿ.”

ತೂಬಿನವರ ಕೈ ಅಭ್ಯಾಸಬಲದಿಂದ ಫಾರಮಿನ ಕಟ್ಟಿನ ಕಡೆ ಹೋಯಿತು. ಹೆಂಡತಿ ಒಮ್ಮೆ ಕಣ್ಣು ಬಿಟ್ಟರು. ಕೈ ಹಿಂದಕ್ಕೆ ಬಂತು. ಇಪ್ಪತ್ತೆಂಟು ವರ್ಷದಲ್ಲಿ ಸೂಚನೆಯಿಲ್ಲದೆ ಇಳಿದ ಮೊದಲ ಬಾಗಿಲು ಅದು. ಕಿರ್ ಕಿರ್ ಎಂದು ನಾಲ್ಕೆಳೆತಕ್ಕೆ ಕಂಬಿ ತುಂಡಾಯಿತು. ಸಂದಿಗೆ ತುರುಕಲು ಪ್ಲಾಸ್ಟಿಕ್ ಬೇಕಾಯಿತು. ಕ್ಷೌರದಂಗಡಿಯವರು ಜೇಬಿನಿಂದ ಬಾಚಣಿಗೆ ತೆಗೆದು, ಒಂದು ಹಲ್ಲು ಮುರಿದು, ಎರಡೂ ಕೈಯಲ್ಲಿ ಕೊಟ್ಟರು.

ಗೂಡ್ಸನ್ನು ಒಳಹಳಿಯಲ್ಲಿ ನಿಲ್ಲಿಸಿದರು. ಅಧ್ಯಕ್ಷರು ಸುರಂಗದ ಬಾಯಿಗೆ ರಿಬ್ಬನ್ನು ಕಟ್ಟಿದರು. ಭಾವ ಗಡಿಯಾರ ನೋಡಿ, ಹಸಿರು ಬಾವುಟ ಎತ್ತಿ, ಸೀಟಿ ಊದಿದರು. ಐದು ಗಂಟೆ ಹತ್ತು ನಿಮಿಷ.

ಪ್ಯಾಸೆಂಜರು ಓಡಿತು. ಅಧ್ಯಕ್ಷರು ಕತ್ತರಿ ತೆರೆಯುವಷ್ಟರಲ್ಲಿ ರಿಬ್ಬನ್ನನ್ನು ತಾನೇ ಕಿತ್ತು, ಕುತ್ತಿಗೆಗೆ ಸುತ್ತಿಕೊಂಡು ಸುರಂಗದೊಳಗೆ ನುಗ್ಗಿತು. ಒಂದು ಸುತ್ತು. ಎರಡು ಸುತ್ತು. ಐವತ್ತು ಜನ ಸೇತುವೆಯ ಕಡೆಗೆ ಬಗ್ಗಿದರು. ಮೂರನೆಯ ಸುತ್ತು, ಸೇತುವೆ... ದಾಟಿತು. ಗೂಡ್ಸು ಕಲ್ಲಿನ ಹಾಗೆ ನಿಂತಿತ್ತು.

ಆಮೇಲಿನ ಗದ್ದಲವನ್ನು ಹೇಳಿ ಪ್ರಯೋಜನವಿಲ್ಲ. ಗಿರಣಿಯವರು ಸಾಹೇಬರನ್ನು ತಬ್ಬಿಕೊಂಡರು. ಅಧ್ಯಕ್ಷರು ಕಡೆಗೂ ರಿಬ್ಬನ್ನಿನ ತುದಿಯನ್ನು ಕತ್ತರಿಸಿ, ‘ಇದು ಆರಂಭ ಮಾತ್ರ’ ಎಂದು ಭಾಷಣ ಮಾಡಿದರು. ಅಜ್ಜಿಗೆ ಕುರ್ಚಿ ಹಾಕಿ ಕಿಟಕಿಯ ಪಕ್ಕ, ಕೋಣೆಯ ಕಿಟಕಿಯ ಪಕ್ಕವೇ, ಕೂರಿಸಿದರು. ಗಾಡಿ ಮುಂದೆ ಬಂದಾಗಲೆಲ್ಲ ಅವರು ಕೈ ಬೀಸಿದರು. ಆರು ಗಂಟೆಗೆ ಊರಿನ ಕರೆಂಟು ಬಂದದ್ದನ್ನು ಯಾರೂ ಗಮನಿಸಲಿಲ್ಲ.

ಭಾವನ ತೀರ್ಪು ಮಾತ್ರ ಉಳಿದಿತ್ತು. ಮೊದಲು ನಿಲ್ಲಲಿಲ್ಲ, ಆಮೇಲೆ ನಿಂತಿತು, ನಿಲ್ಲಿಸಿದ್ದು ಎದುರಾಳಿ. ಮೂವತ್ನಾಲ್ಕು ವರ್ಷದಲ್ಲಿ ಅವರು ಇಂಥ ತೊಡಕು ಕಂಡಿರಲಿಲ್ಲ. ಯೋಚಿಸುತ್ತಿದ್ದಾಗ ಕೆಂಪು ಬಾವುಟ ಕೈಜಾರಿ ಬಿತ್ತು. ಎತ್ತಿಕೊಳ್ಳಲು ಮೇಜಿನ ಅಡಿಗೆ ಬಗ್ಗಿದವರು ಅಲ್ಲೇ ಸ್ವಲ್ಪ ಹೊತ್ತು ಕೂತರು. ಒಳಗಿನಿಂದ ದನಿ ಬಂತು:

“ತಂಗೀ, ಎಂಟಡಿ ಉದ್ದ, ನಾಲ್ಕಡಿ ಅಗಲ. ಮೇಲಿಗಿಂತ ತಂಪು, ಮೇಲಿಗಿಂತ ಕತ್ತಲು. ನಿನ್ನ ಚೀಲ ಎಷ್ಟುದ್ದ?”

ಈಗ ಆ ಮೇಜಿನ ಮೇಲೆ ರೈಲು ಓಡುತ್ತದೆ, ಕೆಳಗೆ ಅಣಬೆ ಅರಳುತ್ತದೆ. ಮೊದಲ ಬುಟ್ಟಿ ಗಿರಣಿಯವರ ಮನೆಗೆ ಹೋಯಿತು, ಬ್ಯಾಟರಿಯ ಲೆಕ್ಕಕ್ಕೆ. ಒಂದೇ ತೊಂದರೆ: ಗಾಡಿ ಓಡುವಾಗ ಹಲಗೆ ಅದುರಿ, ನೀರು ಚಿಮುಕಿಸುವವರ ತಲೆಯ ಮೇಲೆ ಗುಡ್ಡದ ಗಾರೆ ಉದುರುತ್ತಿತ್ತು. ಅದಕ್ಕೆ ತೂಬಿನವರ ಹೆಂಡತಿ ತಾವೇ ಒಂದು ಫಾರಂ ತೆಗೆದು, ಗಂಡ ತುಂಬುವುದನ್ನು ನೋಡಿ ನೋಡಿ ಕಲಿತಂತೆಯೇ ಕಾರ್ಬನ್ ಇಟ್ಟು ತುಂಬಿದರು:

ಏನು ನಿಲ್ಲುತ್ತದೆ: ರೈಲು.
ಎಲ್ಲಿ: ಒಳಹಳಿ, ಹೊರಹಳಿ, ಎಲ್ಲ ಹಳಿ.
ಯಾವಾಗ: ದಿನಾ ಬೆಳಿಗ್ಗೆ ಆರರಿಂದ ಏಳು.
ಏಕೆ: ಅಣಬೆಗೆ ನೀರು ಹೊಡೆಯಬೇಕು.

ಸಹಿಗೆಂದು ಗಂಡನಿಗೆ ಕೊಟ್ಟರು. ತೂಬಿನವರು ಸಹಿ ಮಾಡಿದರು. ಹೊತ್ತಾಗಿತ್ತು, ಮೇಜಿನ ಮೇಲಿದ್ದ ಕಾಗದಗಳನ್ನೆಲ್ಲ ಬಾಚಿ ಚೀಲಕ್ಕೆ ಹಾಕಿಕೊಂಡು ಕಚೇರಿಗೆ ಹೋದರು. ಠಸ್ಸೆಯವರ ಮೇಜಿನ ಮೇಲೆ ಮತ್ತೆ ಧಪ್ ಧಪ್ ಧಪ್.

ಮೂರು ದಿನ ಕಳೆದು, ಬೆಳಿಗ್ಗೆ, ಗಾಳಿ ಹತ್ತು ಮೈಲಿ ಆಚೆಯ ಹಳಿಯ ದಿಕ್ಕಿನಿಂದಲೇ ಚೆನ್ನಾಗಿ ಬೀಸುತ್ತಿತ್ತು. ಹೊಲದಲ್ಲಿದ್ದವರು ತಲೆಯೆತ್ತಿ ಕಾದರು. ಆರೂವರೆಯಾಯಿತು. ಏಳಾಗುತ್ತ ಬಂತು. ಸೀಟಿ ಕೇಳಿಸಲಿಲ್ಲ.